ಬೀದಿಗೆ ಡಾಂಬರಿನ ಲೆಕ್ಕ



ಊರಿನ ಬೀದಿಗೆ ಡಾಂಬರು ಹಾಕುವ ಕೆಲಸ ನಡೆಯುವಾಗ ಕ್ಷಣಕಾಲವಾದರೂ ನಿಂತು ನೋಡದವರು ವಿರಳ. ಹೊಗೆಯಾಡುವ ಕರಿಯ ರಾಶಿ, ಅದನ್ನು ಹಾಸುತ್ತ ಸಾಗುವ ಯಂತ್ರ, ಅದರ ಬೆನ್ನಿಗೆ ಗಜಗಮನದಿಂದ ಹಿಂದೆ ಮುಂದೆ ಸರಿಯುವ ರೋಲರು, ಇವೆಲ್ಲವೂ ಬಾಲಕರಿಗೆ ಜಾತ್ರೆಯಂತೆ, ದೊಡ್ಡವರಿಗೆ ವಿನೋದದಂತೆ ತೋರುವುವು. ಆದರೆ ಆ ರಾಶಿ ಎಷ್ಟಿರಬೇಕೆಂಬುದನ್ನು ಯಾರು, ಹೇಗೆ ಗೊತ್ತುಮಾಡಿದರೆಂಬ ಪ್ರಶ್ನೆ ನಮ್ಮ ಮನಸ್ಸಿಗೆ ಬರುವುದು ಅಪರೂಪ. ಉದ್ದ, ಅಗಲ, ದಪ್ಪ, ಈ ಮೂರನ್ನು ಗುಣಿಸಿದರೆ ಮುಗಿಯಿತು, ಅದು ಮಾಧ್ಯಮಿಕ ಶಾಲೆಯ ಲೆಕ್ಕವಲ್ಲವೇ ಎಂದು ನಾನೂ ಒಂದು ಕಾಲದಲ್ಲಿ ಭಾವಿಸಿದ್ದೆನು. ಆ ಭಾವನೆಯ ಫಲವಾಗಿ ನಮ್ಮ ಬೀದಿಯ ನಾಲ್ಕು ಮನೆಗಳವರು ಒಂದು ಮಳೆಗಾಲವನ್ನೆಲ್ಲ ಕೆಸರಿನಲ್ಲಿ ಕಳೆಯಬೇಕಾಯಿತು. ಆ ವೃತ್ತಾಂತವನ್ನು ಅದರ ಸ್ಥಾನದಲ್ಲಿ ಹೇಳುವೆನು. ಮೊದಲು ಹೆಸರುಗಳ ಗೊಂದಲವನ್ನು ನಿವಾರಿಸಿಕೊಳ್ಳುವುದು ಒಳ್ಳೆಯದು.

ನಾವು ಸಾಮಾನ್ಯವಾಗಿ ಡಾಂಬರು ಎಂಬ ಒಂದೇ ಮಾತಿನಿಂದ ಮೂರು ಪದಾರ್ಥಗಳನ್ನು ಕರೆಯುತ್ತೇವೆ. ಕಲ್ಲಿದ್ದಲನ್ನು ಗಾಳಿಯಿಲ್ಲದ ಪಾತ್ರೆಯಲ್ಲಿ ಕಾಸಿದಾಗ ಹೊರಬೀಳುವ ಕರಿಯ ದ್ರವ ಒಂದು, ಇದು ಟಾರು. ಭೂಮಿಯೊಳಗಿನ ಕಚ್ಚಾ ಎಣ್ಣೆಯನ್ನು ಬಟ್ಟಿಯಿಳಿಸಿ ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್ಲುಗಳನ್ನು ತೆಗೆದ ಬಳಿಕ ತಳದಲ್ಲಿ ಉಳಿಯುವ ಅಂಟು ಎರಡನೆಯದು, ಇದು ಬಿಟುಮೆನ್. ನಮ್ಮ ಮಂಗಳೂರಿನ ಶುದ್ಧೀಕರಣಾಗಾರದಲ್ಲಿಯೂ ಇದು ತಯಾರಾಗುತ್ತದೆ. ಈ ಅಂಟಿನೊಡನೆ ಜಲ್ಲಿ, ಕಲ್ಲುಪುಡಿಗಳನ್ನು ಬಿಸಿಯಾಗಿ ಬೆರಸಿದಾಗ ಆಗುವ ಮಿಶ್ರಣ ಮೂರನೆಯದು. ಇದಕ್ಕೆ ಆಸ್ಫಾಲ್ಟ್ ಎಂಬ ಹೆಸರು ಒಪ್ಪುವುದು. ಅಮೆರಿಕದವರು ಬರಿಯ ಅಂಟನ್ನೇ ಆಸ್ಫಾಲ್ಟ್ ಎನ್ನುತ್ತಾರೆ. ಹೀಗಿರುವುದರಿಂದ, "ಈ ಬೀದಿಗೆ ಎಷ್ಟು ಆಸ್ಫಾಲ್ಟ್ ಬೇಕು?" ಎಂದು ಕೇಳುವವನಿಗೆ ಒಬ್ಬನು ತೊಂಬತ್ತನಾಲ್ಕು ಟನ್ನೆಂದೂ ಇನ್ನೊಬ್ಬನು ಐದು ಟನ್ನೆಂದೂ ಉತ್ತರ ಹೇಳಬಹುದು, ಇಬ್ಬರ ಮಾತೂ ನಿಜವಾಗಿರಬಹುದು. ಮೊದಲನೆಯವನು ಮಿಶ್ರಣವನ್ನೂ ಎರಡನೆಯವನು ಅಂಟನ್ನೂ ಹೇಳುತ್ತಿರುತ್ತಾನೆ, ಅಷ್ಟೆ.

ಈ ಅಂಟು ಮನುಷ್ಯನಿಗೆ ಹೊಸದಲ್ಲ. ಮೊಹೆಂಜೊದಾರೊವಿನ ಮಹಾಸ್ನಾನಕುಂಡದಿಂದ ನೀರು ಸೋರದಂತೆ ಆ ಕಾಲದ ಶಿಲ್ಪಿಗಳು ಇದರ ಪದರವನ್ನು ಕೊಟ್ಟಿದ್ದರು. ಬೀದಿಗೆ ಇದನ್ನು ಹಾಸುವ ಆಧುನಿಕ ಪದ್ಧತಿ ಮಾತ್ರ ಹತ್ತೊಂಬತ್ತನೆಯ ಶತಮಾನದ್ದು. ಪ್ಯಾರಿಸ್ ನಗರದ ಬೆರ್ಜೆರ್ ಬೀದಿಗೆ ೧೮೫೪ರಲ್ಲಿ ಅದುಮಿದ ಆಸ್ಫಾಲ್ಟನ್ನು ಹಾಸಿದರು. ಲಂಡನ್ನಿನ ಥ್ರೆಡ್‌ನೀಡಲ್ ಬೀದಿ ೧೮೬೯ರಲ್ಲಿ ಅದೇ ದಾರಿಯನ್ನು ಹಿಡಿಯಿತು. ವಾಷಿಂಗ್ಟನ್ನಿನ ಪೆನ್ಸಿಲ್ವೇನಿಯಾ ಅವೆನ್ಯೂವಿಗೆ ೧೮೭೬ರಲ್ಲಿ ಟ್ರಿನಿಡಾಡ್ ದ್ವೀಪದ ಡಾಂಬರು ಸರೋವರದಿಂದ ಪದಾರ್ಥವನ್ನು ತರಿಸಿದರು. ಮೋಟಾರು ವಾಹನಗಳು ಬಂದ ಮೇಲೆ ಜಲ್ಲಿಯ ರಸ್ತೆಗಳಿಂದ ಧೂಳಿನ ಮೋಡಗಳೇ ಏಳತೊಡಗಿದುದರಿಂದ, ಅಂಟಿನಿಂದ ಕಲ್ಲನ್ನು ಕಟ್ಟುವುದು ಎಲ್ಲ ದೇಶಗಳಿಗೂ ಅವಶ್ಯವಾಯಿತು. ಭಾರತದಲ್ಲಿ ರಸ್ತೆಗಳ ದುಃಸ್ಥಿತಿಯನ್ನು ವಿಚಾರಿಸಲು ೧೯೨೭ರಲ್ಲಿ ಎಂ. ಆರ್. ಜಯಕರರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ಏರ್ಪಟ್ಟಿತು. ಆ ಪ್ರಯತ್ನದ ಪರಂಪರೆಯಲ್ಲಿಯೇ ೧೯೩೪ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಎಂಜಿನಿಯರರ ಸಂಸ್ಥೆ ಹುಟ್ಟಿತು. ಪರಿಮಾಣಗಳನ್ನು ಊಹೆಯಿಂದಲ್ಲ, ನಿಯಮದಿಂದ ಗೊತ್ತುಮಾಡುವ ಸಂಪ್ರದಾಯ ನಮ್ಮಲ್ಲಿ ಬೇರೂರಿದ್ದು ಇಂಥ ಸಂಸ್ಥೆಗಳ ಶ್ರಮದಿಂದ.

ಇನ್ನು ಲೆಕ್ಕಕ್ಕೆ ಬರೋಣ. ಕೇಳುವವರ ಕೈಯಲ್ಲಿ ಕಾಗದ, ಸೀಸದಕಡ್ಡಿಗಳಿಲ್ಲವೆಂದು ತಿಳಿದು ಬಾಯಿಲೆಕ್ಕಕ್ಕೆ ಸಲ್ಲುವ ಅಂಕಿಗಳನ್ನೇ ಆರಿಸಿಕೊಳ್ಳುವೆನು. ಬೀದಿಯ ಉದ್ದ ೨೦೦ ಮೀಟರ್, ಅಗಲ ೫ ಮೀಟರ್ ಇರಲಿ. ಅಲ್ಲಿಗೆ ವಿಸ್ತೀರ್ಣ ೧,೦೦೦ ಚದರ ಮೀಟರ್. ರೋಲರು ಉರುಳಿ ಬಿಗಿಯಾದ ಬಳಿಕ ಪದರದ ದಪ್ಪ ೪೦ ಮಿಲಿಮೀಟರ್ ನಿಲ್ಲಬೇಕೆಂದು ಇಟ್ಟುಕೊಳ್ಳೋಣ. ಹಾಗಾದರೆ ಘನಫಲ ೪೦ ಘನಮೀಟರ್. ಆದರೆ ಮಿಶ್ರಣವನ್ನು ತಯಾರಿಸುವ ಸ್ಥಾವರದವರು ಘನಮೀಟರಿನಲ್ಲಿ ಮಾರುವುದಿಲ್ಲ. ತೂಗಿ ಟನ್ನಿನಲ್ಲಿ ಮಾರುತ್ತಾರೆ. ಆದುದರಿಂದ ಒಂದು ಘನಮೀಟರ್ ಬಿಗಿಯಾದ ಆಸ್ಫಾಲ್ಟಿನ ತೂಕವೆಷ್ಟೆಂಬುದು ತಿಳಿಯಬೇಕು. ಇದೇ ಈ ಲೆಕ್ಕದ ಜೀವಾಳ.

ಆ ತೂಕವನ್ನು ಪುಸ್ತಕದಿಂದ ಎತ್ತಿಕೊಳ್ಳುವುದಕ್ಕಿಂತ ನಾವೇ ಕಂಡುಕೊಳ್ಳುವುದು ಹೆಚ್ಚು ತೃಪ್ತಿಕರ. ನಮ್ಮ ಸೀಮೆಯ ಗಟ್ಟಿ ಕಲ್ಲಿನ ಒಂದು ಘನಮೀಟರ್ ಸುಮಾರು ೨.೬೫ ಟನ್ ತೂಗುತ್ತದೆ. ಬಿಟುಮೆನ್ನಾದರೋ ನೀರಿಗಿಂತ ಅತಿ ಸ್ವಲ್ಪ ಭಾರ; ೧.೦೨ ಟನ್ ಎನ್ನೋಣ. ನೂರು ಟನ್ ಮಿಶ್ರಣದಲ್ಲಿ ಐದೂವರೆ ಟನ್ ಅಂಟು, ಉಳಿದ ತೊಂಬತ್ತನಾಲ್ಕೂವರೆ ಟನ್ ಕಲ್ಲು ಇದ್ದರೆ, ಕಲ್ಲು ಆಕ್ರಮಿಸುವ ಜಾಗ ಸುಮಾರು ೩೫.೭ ಘನಮೀಟರ್, ಅಂಟು ಆಕ್ರಮಿಸುವ ಜಾಗ ಸುಮಾರು ೫.೪ ಘನಮೀಟರ್; ಒಟ್ಟು ೪೧ ಘನಮೀಟರಿನಷ್ಟು. ನೂರನ್ನು ಇದರಿಂದ ಭಾಗಿಸಿದರೆ ಘನಮೀಟರಿಗೆ ೨.೪೪ ಟನ್ ಸಮೀಪಕ್ಕೆ ಬರುವುದು. ಇದು ಒಳಗೆ ಗಾಳಿಯ ಕಣವೇ ಇಲ್ಲದಿದ್ದರೆ ಇರತಕ್ಕ ತೂಕ. ಆದರೆ ಬಲ್ಲ ಎಂಜಿನಿಯರು ನೂರಕ್ಕೆ ಮೂರರಿಂದ ಐದು ಪಾಲು ಗಾಳಿಗೆ ಬೇಕೆಂದೇ ಎಡೆ ಬಿಡುತ್ತಾನೆ. ಏತಕ್ಕೆಂದರೆ, ಬೇಸಗೆಯ ಬಿಸಿಲಿನಲ್ಲಿ ಅಂಟು ಹಿಗ್ಗುವುದು. ವಾಹನಗಳ ಭಾರದಿಂದ ಪದರವು ಇನ್ನಷ್ಟು ಬಿಗಿಯುವುದು. ಹಿಗ್ಗಲು ಒಳಗೆ ಜಾಗವಿಲ್ಲದಿದ್ದರೆ ಅಂಟು ಮೇಲಕ್ಕೆ ಉಕ್ಕಿ ಬೀದಿ ಜಾರುವುದು. ಹಾಗೆಂದು ಗಾಳಿಯ ಎಡೆ ಅತಿಯಾದರೆ ನೀರು ಒಳಹೊಕ್ಕು ಕಲ್ಲಿನಿಂದ ಅಂಟನ್ನು ಬಿಡಿಸುವುದು. ಈ ಗಾಳಿಯ ಪಾಲನ್ನು ಕಳೆದರೆ ನಮಗೆ ದೊರೆಯುವ ಅಂಕಿ ೨.೩೫ರ ಆಸುಪಾಸು. ಕಲ್ಲಿನ ಜಾತಿ ಬದಲಾದಂತೆ ಇದೂ ಕೊಂಚ ಬದಲಾಗುವುದು. ಆದರೂ ಅಂದಾಜಿಗೆ ಇದು ನಂಬಬಹುದಾದ ಅಂಕಿ.

ಈಗ ೪೦ ಘನಮೀಟರನ್ನು ೨.೩೫ರಿಂದ ಗುಣಿಸೋಣ. ೯೪ ಟನ್ ಎಂದು ಉತ್ತರ ಬರುವುದು. ನೆನಪಿನಲ್ಲಿಡಲು ಇದಕ್ಕಿಂತಲೂ ಸುಲಭವಾದ ಸೂತ್ರವುಂಟು: ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ದಪ್ಪದ ಪದರ ೨.೩೫ ಕಿಲೋಗ್ರಾಂ ತೂಗುತ್ತದೆ. ದಪ್ಪ ನಲವತ್ತಾದರೆ ಚದರ ಮೀಟರಿಗೆ ೯೪ ಕಿಲೋಗ್ರಾಂ. ಸಾವಿರ ಚದರ ಮೀಟರಿಗೆ ೯೪ ಟನ್. ಅದರಲ್ಲಿ ನೂರಕ್ಕೆ ಐದೂವರೆಯಂತೆ ಅಂಟಿನ ಪಾಲು ಐದು ಟನ್ನಿಗೆ ತುಸು ಮೇಲು. ಮೊದಲು ಹೇಳಿದ ಎರಡು ಉತ್ತರಗಳು ಎಲ್ಲಿಂದ ಬಂದುವೆಂಬುದು ಈಗ ಸ್ಪಷ್ಟವಾಯಿತಷ್ಟೆ.

ಇಲ್ಲಿ ನನ್ನ ತಪ್ಪಿನ ಕಥೆಗೆ ಎಡೆ ಬಂದಿತು. ನಮ್ಮದು ಹೊಸ ಬಡಾವಣೆ. ನಗರಾಡಳಿತ ಅದನ್ನು ಇನ್ನೂ ವಹಿಸಿಕೊಂಡಿರಲಿಲ್ಲವಾದುದರಿಂದ ಬೀದಿಯವರೆಲ್ಲ ಸಮಪಾಲು ಚಂದಾ ಹಾಕಿ, ಮಿಶ್ರಣವನ್ನು ನಾವೇ ಕೊಂಡು, ಹಾಸುವ ಕೆಲಸವನ್ನು ಮಾತ್ರ ಗುತ್ತಿಗೆಗೆ ಕೊಡುವುದೆಂದು ನಿಶ್ಚಯವಾಯಿತು. ಲೆಕ್ಕದ ಭಾರ ನನ್ನ ಪಾಲಿಗೆ ಬಂದಿತು. ಬೀದಿಯ ಅಳತೆ ಈಗ ನಾನು ಹೇಳಿದುದೇ. ತಳವೂ ಸಮವಾಗಿಯೇ ಇದ್ದಿತು. ನಲವತ್ತು ಘನಮೀಟರ್ ಎಂಬುದನ್ನು ಕಂಡುಕೊಂಡೆನು. ಲಾರಿಯ ಪೆಟ್ಟಿಗೆಯನ್ನು ಅಳೆದು ನೋಡಲು ಅದರಲ್ಲಿ ಎಂಟು ಘನಮೀಟರ್ ಹಿಡಿಯುವುದೆಂದು ತಿಳಿಯಿತು. ಐದೆಂಟಲಿ ನಲವತ್ತು. ಐದು ಲಾರಿ ಸಾಕೆಂದು ಬರೆದುಕೊಟ್ಟೆನು. ಚಂದಾ ಹಣವೂ ಅದಕ್ಕೆ ಸರಿಯಾಗಿ ಒದಗಿತು. ನನ್ನ ಲೆಕ್ಕವನ್ನು ಎಲ್ಲರೂ ಹೊಗಳಿದರು.

ಲೋಪವೆಲ್ಲಿದೆಯೆಂಬುದನ್ನು ಅಡಿಗೆಮನೆಯಲ್ಲಿ ಕೆಲಸಮಾಡಿದ ಯಾರಾದರೂ ಹೇಳಬಲ್ಲರು. ರಾಗಿಹಿಟ್ಟನ್ನು ಸೇರಿಗೆ ಸಡಿಲವಾಗಿ ತುಂಬಿ, ಸೇರನ್ನು ನೆಲಕ್ಕೆ ನಾಲ್ಕು ಬಾರಿ ಕುಕ್ಕಿದರೆ ಹಿಟ್ಟು ಕಂಠದಿಂದ ಕೆಳಗಿಳಿಯುವುದು. ಹಿಟ್ಟು ಎಲ್ಲಿಗೂ ಹೋಗಿಲ್ಲ. ನಡುವಣ ಗಾಳಿ ಹೋಗಿದೆ. ಲಾರಿಯಲ್ಲಿರುವ ಆಸ್ಫಾಲ್ಟೂ ಅಂಥ ಸಡಿಲ ಹಿಟ್ಟೇ. ಅದರ ಒಂದು ಘನಮೀಟರ್ ೧.೯ ಟನ್ನಿನಷ್ಟೇ ತೂಗುವುದು. ರೋಲರಿನ ಕೆಳಗೆ ಬಿಗಿದ ಬಳಿಕ ೨.೩೫. ಎಂದರೆ ೪೦ ಮಿಲಿಮೀಟರ್ ನಿಲ್ಲಬೇಕಾದರೆ ೫೦ ಮಿಲಿಮೀಟರಿನಷ್ಟು ಹರಡಬೇಕು. ನಾನು ತರಿಸಿದ ಐದು ಲಾರಿಗಳಲ್ಲಿ ಇದ್ದುದು ೭೬ ಟನ್, ಬೇಕಾಗಿದ್ದುದು ೯೪. ಮೇಸ್ತ್ರಿಯು ತನ್ನ ಕಸುಬನ್ನು ಬಲ್ಲವನಾದುದರಿಂದ ಸರಿಯಾದ ದಪ್ಪವನ್ನೇ ಹಾಸುತ್ತ ಬಂದನು. ಐದನೆಯ ಲಾರಿ ಬರಿದಾದಾಗ ಮೂವತ್ತೆಂಟು ಮೀಟರ್ ಬೀದಿ ಹಾಗೆಯೇ ಉಳಿದಿತ್ತು. ಆಗ ಮೇ ತಿಂಗಳ ಕೊನೆ. ಹದಿನೆಂಟು ಟನ್ನಿಗಾಗಿ ಸ್ಥಾವರದವರು ಒಡನೆಯೇ ಒಲೆ ಹೊತ್ತಿಸಲು ಒಪ್ಪಲಿಲ್ಲ. ಮೂರು ದಿನಗಳಲ್ಲಿ ಮಳೆ ಹಿಡಿಯಿತು. ಕೊನೆಯ ನಾಲ್ಕು ಮನೆಗಳ ಮುಂದೆ, ಹಾಸಿದ ಭಾಗದಿಂದ ಹರಿದುಬಂದ ನೀರೆಲ್ಲ ನಿಂತು ಕೆಸರಾಯಿತು. ಅವರಲ್ಲಿ ಒಬ್ಬ ವೃದ್ಧೆ, ಎಲ್ಲರಿಗಿಂತ ಮೊದಲು ಚಂದಾ ಕೊಟ್ಟವರು, ಆ ನಾಲ್ಕು ತಿಂಗಳು ಮನೆಯಿಂದ ದೇವಸ್ಥಾನಕ್ಕೆ ಹೋಗುವುದನ್ನೇ ಬಿಟ್ಟರು. ನನ್ನನ್ನು ಕಂಡಾಗ ಅವರು ಒಂದು ಕಟುವಾದ ಮಾತನ್ನೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿದ್ದಿತು.

ನವರಾತ್ರಿ ಕಳೆದ ಮೇಲೆ ಉಳಿದ ಭಾಗವೂ ಮುಗಿಯಿತು. ಆದರೆ ಹಳೆಯ ಪದರ, ಹೊಸ ಪದರಗಳು ಕೂಡುವ ಸಂದಿಯಲ್ಲಿ ಒಂದು ಗೆರೆ ಇಂದಿಗೂ ಕಾಣುವುದು. ಬಿಸಿಯಾಗಿದ್ದಾಗ ಒಂದಾಗಬೇಕಾದುದು ತಣ್ಣಗಾದ ಮೇಲೆ ಪೂರ್ತಿಯಾಗಿ ಬೆಸೆಯುವುದಿಲ್ಲ. ನೀರು ಮೊದಲು ಹುಡುಕುವುದು ಅದನ್ನೇ. ಅಂದಿನಿಂದ ನಾನು ಕಲಿತುದು ಇಷ್ಟು: ಅಂದಾಜಿನಲ್ಲಿ ಆದ ತಪ್ಪು ಬೀದಿಯುದ್ದಕ್ಕೂ ಸಮನಾಗಿ ಹಂಚಿಕೆಯಾಗುವುದಿಲ್ಲ, ಅದು ಬೀದಿಯ ಕೊನೆಯಲ್ಲಿರುವವರ ಪಾಲಿಗೆ ಒಟ್ಟಾಗಿ ಬರುವುದು.

ಸಡಿಲಕ್ಕೂ ಬಿಗಿಗೂ ಇರುವ ಈ ಭೇದವನ್ನು ಸರ್ಕಾರದ ನಿರ್ದಿಷ್ಟ ನಿಯಮಗಳಲ್ಲಿಯೂ ಕಾಣಬಹುದು. ಕಡಮೆ ವಾಹನಗಳು ಸಂಚರಿಸುವ ರಸ್ತೆಗಳಿಗೆ ೨೦ ಮಿಲಿಮೀಟರ್ ದಪ್ಪದ ತೆಳುಹಾಸು ಹಾಕುವ ಪದ್ಧತಿಯೊಂದುಂಟು. ಅದಕ್ಕೆ ಪ್ರತಿ ೧೦ ಚದರ ಮೀಟರಿಗೆ ೦.೨೭ ಘನಮೀಟರ್ ಜಲ್ಲಿ, ೧೪.೬ ಕಿಲೋಗ್ರಾಂ ಅಂಟು ಎಂದು ನಿಯಮ. ನಮ್ಮ ಸಾವಿರ ಚದರ ಮೀಟರಿಗೆ ಜಲ್ಲಿ ೨೭ ಘನಮೀಟರ್ ಆಯಿತು. ಹಾಸಿನ ಘನಫಲವಾದರೋ ೨೦ ಮಾತ್ರ. ಉಳಿದ ಏಳು ಎಲ್ಲಿ ಎಂದು ಕೇಳುವವರಿಗೆ ಉತ್ತರ, ರಾಗಿಹಿಟ್ಟಿನ ಸೇರಿನಲ್ಲಿದೆ.

ಇನ್ನು ಉಳಿದ ಜಾಗರೂಕತೆಗಳನ್ನು ಸಂಕ್ಷೇಪವಾಗಿ ಹೇಳುವೆನು. ಬೀದಿಯ ಅಗಲವನ್ನು ಒಂದೇ ಕಡೆ ಅಳೆದು ತೃಪ್ತಿಪಡಬಾರದು. ಹತ್ತು ಹತ್ತು ಮೀಟರಿಗೊಮ್ಮೆ ಅಳೆದು ಸರಾಸರಿ ತೆಗೆಯಬೇಕು. ಎರಡು ಬೀದಿಗಳು ಕೂಡುವ ಮೂಲೆಗಳು ಬಾಗಿರುತ್ತವೆ. ಬಾಗಿನ ತ್ರಿಜ್ಯ ೪ ಮೀಟರ್ ಆದರೆ ಪ್ರತಿ ಮೂಲೆಗೂ ಸುಮಾರು ಮೂರೂವರೆ ಚದರ ಮೀಟರ್ ಹೆಚ್ಚು ಬೇಕು. ನಾಲ್ಕು ಮೂಲೆಗಳಿಗೆ ಒಂದು ಟನ್ನಿಗೂ ಮಿಕ್ಕಿ ಮಿಶ್ರಣ ಹೋಗುವುದು. ಇದಕ್ಕೆ ಹೋಲಿಸಿದರೆ ಚರಂಡಿಯ ದುಂಡು ಮುಚ್ಚಳಗಳಿಗಾಗಿ ಕಳೆಯಬೇಕಾದ ಜಾಗ ಅತ್ಯಲ್ಪ. ಅದನ್ನು ಕಳೆಯದಿದ್ದರೂ ಬಾಧಕವಿಲ್ಲ.

ಎಲ್ಲಕ್ಕಿಂತ ಹೆಚ್ಚು ಮೋಸಮಾಡುವುದು ಹಳೆಯ ಬೀದಿಯ ಏರುತಗ್ಗು. ಮೇಲ್ಮೈ ಸರಾಸರಿ ೫ ಮಿಲಿಮೀಟರ್ ತಗ್ಗಿದ್ದರೆ ಕಣ್ಣಿಗೆ ಕಾಣುವುದೇ ಕಷ್ಟ. ಆದರೆ ಸಾವಿರ ಚದರ ಮೀಟರಿನ ಮೇಲೆ ಆ ಐದು ಮಿಲಿಮೀಟರ್ ಐದು ಘನಮೀಟರಾಗಿ, ಹನ್ನೆರಡು ಟನ್ನಿನ ಸಮೀಪಕ್ಕೆ ಮಿಶ್ರಣವನ್ನು ನುಂಗುವುದು. ಆದುದರಿಂದ ಕೆಲಸಕ್ಕೆ ಮುಂಚೆ ಬೀದಿಯ ಅಡ್ಡಕ್ಕೆ ದಾರ ಕಟ್ಟಿ ಅಲ್ಲಲ್ಲಿ ತಗ್ಗನ್ನು ಅಳೆಯುವುದು, ಗುಂಡಿಗಳನ್ನು ಮೊದಲೇ ಬೇರೆಯಾಗಿ ತುಂಬಿ ಬಿಗಿಸುವುದು ಅವಶ್ಯಕ. ಆ ಮಿಶ್ರಣವನ್ನು ಬೇರೆ ಬಾಬಾಗಿಯೇ ಲೆಕ್ಕ ಹಿಡಿಯಬೇಕು. ಇದಲ್ಲದೆ, ಹಳೆಯ ಡಾಂಬರಿನ ಮೇಲೆ ಹೊಸ ಪದರ ಅಂಟಿಕೊಳ್ಳುವುದಕ್ಕಾಗಿ ಚದರ ಮೀಟರಿಗೆ ಕಾಲು ಕಿಲೋಗ್ರಾಂ ಸಮೀಪಕ್ಕೆ ಅಂಟನ್ನು ತೆಳುವಾಗಿ ಸಿಂಪಡಿಸಬೇಕಾಗುವುದು. ನಮ್ಮ ಬೀದಿಗೆ ಅದು ೨೫೦ ಕಿಲೋಗ್ರಾಂ. ತಳವು ಬರಿಯ ಜಲ್ಲಿಯದಾದರೆ ಅದು ಹೀರಿಕೊಳ್ಳುವುದರಿಂದ ಇದರ ಮೂರು ನಾಲ್ಕು ಪಾಲು ಬೇಕು. ಕೊನೆಗೆ, ಲಾರಿಯ ತಳಕ್ಕೆ ಮೆತ್ತುವುದು, ಅಂಚಿನಲ್ಲಿ ಚೆಲ್ಲುವುದು, ಆರಿಹೋಗಿ ಕೆಲಸಕ್ಕೆ ಬಾರದಾಗುವುದು, ಇವುಗಳಿಗಾಗಿ ನೂರಕ್ಕೆ ಐದರಂತೆ ಸೇರಿಸಿಕೊಂಡರೆ, ೯೪ ಟನ್ನು ೯೯ಕ್ಕೆ ಬಂದು ನಿಲ್ಲುವುದು. ಹದಿನೈದು ಟನ್ನಿನ ಲಾರಿಗಳಾದರೆ ಏಳು. ನಾನು ತರಿಸಿದುದು ಐದೆಂಬುದನ್ನು ಮತ್ತೆ ಹೇಳಬೇಕಾಗಿಲ್ಲ.

ಹೆಚ್ಚಾಗಿ ತರಿಸಿದರೆ ಕ್ಷೇಮವಲ್ಲವೇ ಎಂದು ಯಾರಾದರೂ ಕೇಳಬಹುದು. ಸಿಮೆಂಟಿನ ಚೀಲ ಉಳಿದರೆ ನಾಳೆಗಾಗುವುದು. ಬಿಸಿ ಆಸ್ಫಾಲ್ಟ್ ಉಳಿದರೆ ಹಾಗಲ್ಲ. ಸ್ಥಾವರದಿಂದ ಸುಮಾರು ೧೫೦ ಡಿಗ್ರಿ ಸೆಂಟಿಗ್ರೇಡ್ ಬಿಸಿಯಲ್ಲಿ ಹೊರಡುವ ಅದನ್ನು, ೯೦ ಡಿಗ್ರಿಗೆ ಇಳಿಯುವುದರೊಳಗೆ ಹಾಸಿ, ರೋಲರಿನಿಂದ ಬಿಗಿಸಿ ಮುಗಿಸಬೇಕು. ಆಮೇಲೆ ಅದು ಬಂಡೆಯಂತೆ. ಹೆಚ್ಚಾದರೆ ಹಣ ಹಾಳು. ಕಡಮೆಯಾದರೆ ಬೀದಿ ಹಾಳು. ಅಡಿಗೆಯವನು ಅನ್ನಕ್ಕೆ ನೀರಿಡುವಂತೆ ಇದೂ ಅಳೆದೇ ಆಗಬೇಕಾದ ಕಾರ್ಯ.

ಈ ಲೆಕ್ಕ ಎಂಜಿನಿಯರರಿಗೂ ಗುತ್ತಿಗೆದಾರರಿಗೂ ಸಂಬಂಧಿಸಿದುದು, ನಮಗೇಕೆ ಎಂದು ಶ್ರೋತೃಗಳಲ್ಲಿ ಕೆಲವರು ಎಣಿಸಿದ್ದರೆ ಅವರಿಗೆ ಒಂದು ಮಾತು. ಲೆಕ್ಕವನ್ನು ಹಿಂದುಮುಂದಾಗಿ ತಿರುಗಿಸಿದರೆ ಅದು ನಾಗರಿಕನ ಕೈಯಲ್ಲಿ ತಕ್ಕಡಿಯಾಗುವುದು. ಲಾರಿಗಳೆಲ್ಲ ತೂಕದ ಚೀಟಿಯೊಡನೆ ಬರುತ್ತವೆ. ಆ ಚೀಟಿಗಳ ತೂಕವನ್ನು ಕೂಡಿ, ಬೀದಿಯ ವಿಸ್ತೀರ್ಣದಿಂದ ಭಾಗಿಸಿ, ಮತ್ತೆ ೨.೩೫ರಿಂದ ಭಾಗಿಸಿದರೆ ಪದರದ ಸರಾಸರಿ ದಪ್ಪ ಮಿಲಿಮೀಟರಿನಲ್ಲಿ ಬರುವುದು. ನಮ್ಮ ಬೀದಿಯ ೭೬ ಟನ್ನನ್ನೇ ಸಾವಿರ ಚದರ ಮೀಟರಿಗೂ ತೆಳುವಾಗಿ ಎಳೆದಿದ್ದರೆ ದಪ್ಪ ೩೨ ಮಿಲಿಮೀಟರ್ ಆಗುತ್ತಿದ್ದಿತು. ಕೆಲಸ ಮುಗಿದ ಸಂಜೆ ಯಾವ ಕಣ್ಣೂ ಆ ಎಂಟು ಮಿಲಿಮೀಟರಿನ ಕೊರತೆಯನ್ನು ಕಾಣಲಾರದು. ಆದರೆ ಹಲಗೆಯೊಂದು ಬಾಗದೆ ನಿಲ್ಲುವ ಬಿಗಿತ ಅದರ ದಪ್ಪದ ಘನವನ್ನು ಅನುಸರಿಸುವುದು. ದಪ್ಪ ಐದರಲ್ಲಿ ಒಂದು ಪಾಲು ಕಡಮೆಯಾದರೆ ಬಿಗಿತ ಸುಮಾರು ಅರ್ಧಕ್ಕೆ ಇಳಿಯುವುದು. ಕಾಣದ ಕೊರತೆ ಎರಡನೆಯ ಮಳೆಗಾಲದಲ್ಲಿ ಗುಂಡಿಯಾಗಿ ಕಾಣುವುದು. ಆ ಗುಂಡಿಯಲ್ಲಿ ಇರುಳಿನಲ್ಲಿ ಎಡವುವವನು ಲೆಕ್ಕ ಬರೆದವನೂ ಅಲ್ಲ, ಹಣ ಪಡೆದವನೂ ಅಲ್ಲ.

ಚೀಟಿಗಳನ್ನು ನಂಬದವರಿಗೆ ಮತ್ತೊಂದು ಪರೀಕ್ಷೆಯುಂಟು. ಹಾಸಿ ಬಿಗಿಸಿದ ಪದರದಿಂದ ಕೊಳವೆಯಾಕಾರದ ಗರಗಸದಲ್ಲಿ ಒಂದು ದುಂಡು ಬಿಲ್ಲೆಯನ್ನು ಕೊರೆದು ತೆಗೆಯುತ್ತಾರೆ. ಅಳತೆಪಟ್ಟಿ ಅದರ ದಪ್ಪವನ್ನು ಹೇಳುವುದು. ಗಾಳಿಯಲ್ಲೊಮ್ಮೆ, ನೀರಿನಲ್ಲೊಮ್ಮೆ ತೂಗಿದರೆ ಆರ್ಕಿಮಿಡೀಸನ ನ್ಯಾಯದಂತೆ ಅದರ ಸಾಂದ್ರತೆಯೂ ತಿಳಿಯುವುದು. ಬೀದಿ ತಾನೇ ಬಾಯಿಬಿಟ್ಟು ಸಾಕ್ಷಿ ನುಡಿಯುವಂತೆ ಇದು.

ಶ್ರೋತೃಗಳೇ, ಮುಂದೆ ನಿಮ್ಮ ಬೀದಿಗೆ ಡಾಂಬರು ಹಾಕುವ ದಿನ ಬಂದಾಗ ಮನೆಯಿಂದ ಒಂದು ಅಳತೆಪಟ್ಟಿಯನ್ನು ಕೈಗೆತ್ತಿಕೊಂಡು ಹೊರಗೆ ಬನ್ನಿರಿ. ಉದ್ದ, ಅಗಲ, ದಪ್ಪಗಳನ್ನು ಕೇಳಿ ತಿಳಿದುಕೊಳ್ಳಿರಿ. ಬೇಕಾದ ದಪ್ಪ ಬಿಗಿದ ಮೇಲಿನದೋ ಹರಡಿದಾಗಿನದೋ ಎಂದು ವಿನಯದಿಂದಲೇ ವಿಚಾರಿಸಿರಿ. ಪ್ರಾಮಾಣಿಕನಾದ ಕೆಲಸಗಾರನಿಗೆ ಇದರಿಂದ ಸಂತೋಷವಾಗುವುದೇ ಹೊರತು ಅಸಮಾಧಾನವಾಗದು. ತನ್ನ ಕೆಲಸವನ್ನು ಬಲ್ಲವರು ನೋಡುತ್ತಿದ್ದಾರೆಂಬ ಭರವಸೆ ಅವನಿಗೂ ಬೇಕು. ಲೆಕ್ಕವನ್ನು ಬೀದಿಯ ಕೊನೆಯ ಮನೆಯಿಂದ ಪ್ರಾರಂಭಿಸಿ ಮಾಡಿರಿ. ಅಲ್ಲಿಗೆ ಸಾಲುವಷ್ಟಿದ್ದರೆ ಉಳಿದವರೆಲ್ಲರಿಗೂ ಸಾಲುವುದು.